ಮೀಟರ್ ಕೊಳ್ಳುವ ಮೊದಲು ಸೆನ್ಸರ್‌ಗೆ ಜಾಗ ಹುಡುಕಿ

ಟರ್ಬೊ ಕಾರು ರಿಮ್ಯಾಪ್ ಮಾಡಿಸಿದವರು (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸಿಕೊಂಡವರು) ಮೊದಲು ಕೇಳುವುದು ಬೂಸ್ಟ್ ಮೀಟರ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ ತೋರಿಸುವ ಮೀಟರ್. ಹಾಕಬಹುದು, ನೋಡೋಕೂ ಚೆನ್ನಾಗಿರುತ್ತದೆ. ಆದರೆ ದುಡ್ಡು ಒಂದೇ ಮೀಟರ್‌ಗೆ ಸಾಕಾಗುವಷ್ಟಿದ್ದರೆ ಆಯಿಲ್ ಪ್ರೆಶರ್ ಮೀಟರ್ ಹಾಕಿಸಿ ಅಂತ ನಾನು ಹಟ ಹಿಡಿಯುತ್ತೇನೆ. ಬೂಸ್ಟ್ ಕಡಿಮೆಯಾದರೆ ಕಾರು ಎಳೆಯುವುದಿಲ್ಲ, ನಿಮಗೇ ಗೊತ್ತಾಗುತ್ತದೆ. ಆಯಿಲ್ ಪ್ರೆಶರ್ ಬಿದ್ದರೆ ಬೇರಿಂಗ್ ಶಬ್ದ ಮಾಡುವವರೆಗೂ ಗೊತ್ತಾಗದೇ ಹೋಗಬಹುದು.

ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಲೈಟ್ ಇದೆಯಲ್ವಾ ಅನ್ನುತ್ತಾರೆ. ಇದೆ. ಆದರೆ ಬಹಳಷ್ಟು ಕಾರುಗಳಲ್ಲಿ ಅದು ಹತ್ತುವುದು ಪ್ರೆಶರ್ ಹೆಚ್ಚುಕಡಿಮೆ ಪೂರ್ತಿ ಹೋದ ಮೇಲೆ. ಐಡಲ್‌ನಲ್ಲಿ ಸಾಕಾಗುವ ಪ್ರೆಶರ್ 5,000 ಆರ್‌ಪಿಎಂಗೆ ಏನೇನೂ ಸಾಲದು, ಆದರೂ ಲೈಟ್ ಸುಮ್ಮನಿರಬಹುದು. ಕೂಲೆಂಟ್ ಮುಳ್ಳಿನ ಕಥೆಯೂ ಇಷ್ಟೇ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ನಿಜವಾದ ಬಿಸಿ ಸುಮಾರು 75ರಿಂದ 105 ಡಿಗ್ರಿವರೆಗೆ ಏರಿಳಿದರೂ ಮುಳ್ಳು 90ರಲ್ಲೇ ನಿಂತಿರುತ್ತದೆ. ಮುಳ್ಳು ಅಲ್ಲಾಡಿದರೆ ಗ್ರಾಹಕರು ಗಾಬರಿ ಬೀಳುತ್ತಾರೆ ಅಂತ ಕಂಪನಿಯವರೇ ಹಾಗೆ ಇಟ್ಟಿದ್ದಾರೆ.

ಹೊಸ ಮೀಟರ್ ಕೂಡ ತನ್ನ ಸೆನ್ಸರ್ ಕಂಡದ್ದನ್ನಷ್ಟೇ ಹೇಳುತ್ತದೆ. ಹಾಗಾಗಿ ದುಡ್ಡು, ತಾಳ್ಮೆ ಎರಡೂ ಮೊದಲು ಹೋಗಬೇಕಾದದ್ದು ಸೆನ್ಸರ್ ಕೂರುವ ಜಾಗಕ್ಕೆ. ಆಯಿಲ್‌ಗೆ ಸುಲಭದ ದಾರಿ ಅಂದರೆ ಆಯಿಲ್ ಫಿಲ್ಟರ್ ಮತ್ತು ಬ್ಲಾಕ್ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್. ಡಬ್ಬಿಯಂತೆ ತಿರುಗಿಸಿ ಕೂರಿಸುವ ಫಿಲ್ಟರ್ ಇದ್ದರೆ ಮಾತ್ರ ಇದು ಸುಲಭ. ಪ್ರೆಶರ್, ಬಿಸಿ ಎರಡೂ ಅಲ್ಲೇ ಸಿಗುತ್ತವೆ. ಇನ್ನು ಕೆಲವರು ಕಂಪನಿಯ ಪ್ರೆಶರ್ ಸ್ವಿಚ್ ಇರುವಲ್ಲಿ ಟಿ ಆಕಾರದ ಹಿತ್ತಾಳೆ ಜಾಯಿಂಟ್ ಹಾಕಿ, ಅದರ ತುದಿಗೆ ಭಾರದ ಸೆನ್ಸರ್ ನೇತುಹಾಕುತ್ತಾರೆ. ದಯವಿಟ್ಟು ಬೇಡ. ಎಂಜಿನ್ ಅದುರುವಾಗ ಆ ತೆಳು ಹಿತ್ತಾಳೆ ಬಿರುಕು ಬಿಡುತ್ತದೆ, ಬಿಸಿ ಆಯಿಲ್ ಟರ್ಬೊ ಮೇಲೆ ಚಿಮ್ಮುತ್ತದೆ. ಅದರ ಬದಲು ತಂತಿ ಹೆಣೆದ ಬ್ರೇಡೆಡ್ ಹೋಸ್ ಎಳೆದು ಸೆನ್ಸರನ್ನು ಬಾಡಿಗೆ ಕ್ಲಾಂಪ್ ಮಾಡಿ.

ಥ್ರೆಡ್ ವಿಷಯ ಇನ್ನೊಂದು. ಮಾರುಕಟ್ಟೆಯ ಸೆನ್ಸರ್‌ಗಳು ಹೆಚ್ಚಾಗಿ 1/8 ಎನ್‌ಪಿಟಿ, ಅಂದರೆ ಅಮೆರಿಕದ ಥ್ರೆಡ್ ಅಳತೆ. ನಮ್ಮ ಅಂಗಡಿಗಳಲ್ಲಿ ಕೈಗೆ ಬೇಗ ಸಿಗುವುದು ಬ್ರಿಟಿಷ್ ಅಳತೆಯ 1/8 ಬಿಎಸ್‌ಪಿ. ಒಂದರಲ್ಲಿ ಇಂಚಿಗೆ 27 ಎಳೆ, ಇನ್ನೊಂದರಲ್ಲಿ 28. ಕೈಯಲ್ಲಿ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಸ್ಪ್ಯಾನರ್ ಹಾಕಿದಾಗ ಎಳೆ ಕೆಡುತ್ತದೆ. ಬೆಂಗಳೂರಿನ ಜೆ.ಸಿ. ರೋಡ್‌ನ ಬಿಡಿಭಾಗದ ಅಂಗಡಿಗಳಲ್ಲಿ ಕೇಳುವಾಗ ಎನ್‌ಪಿಟಿ ಅಂತಲೇ ಹೇಳಿ, ಸೆನ್ಸರನ್ನೂ ಜೊತೆಗೆ ಒಯ್ಯಿರಿ. ಒಂದೇ ವಯರಿನ ಸೆನ್ಸರ್ ಆದರೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದಕ್ಕೆ ಅರ್ಥ್ ಸಿಗುವುದೇ ಆ ಥ್ರೆಡ್ ಮೂಲಕ.

ಗೇರ್‌ಬಾಕ್ಸ್‌ಗೆ ಬಂದರೆ, ಮೊದಲು ನಿಮ್ಮದು ಯಾವ ಬಗೆ ಅಂತ ತಿಳಿದುಕೊಳ್ಳಿ. ಫೋಕ್ಸ್‌ವ್ಯಾಗನ್ ವರ್ಟಸ್ 1.0 ಲೀಟರ್ ಆಟೊಮ್ಯಾಟಿಕ್‌ನಲ್ಲಿ, ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇದೆ. ಅದೇ ಕಾರಿನ 1.5 ಆಟೊಮ್ಯಾಟಿಕ್‌ನಲ್ಲಿ ಇರುವುದು 7 ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಟಾರ್ಕ್ ಕನ್ವರ್ಟರ್‌ನಲ್ಲಿ ಬಿಸಿ ಹುಟ್ಟುವುದು ಅದರೊಳಗೆ ಆಯಿಲ್ ಕಲಕಿದಾಗ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ತೆವಳುವಾಗ ಕನ್ವರ್ಟರ್ ಲಾಕ್ ಆಗದೇ (ಎಂಜಿನ್‌ಗೆ ನೇರವಾಗಿ ಜೋಡಿಕೊಳ್ಳದೇ) ಇರುತ್ತದೆ, ಆಯಿಲ್ ಕಾಯುತ್ತಲೇ ಹೋಗುತ್ತದೆ. ಹೈವೇಯಲ್ಲಿ ಜೋರಾಗಿ ಹೋಗುವುದಕ್ಕಿಂತ ಇದೇ ಜಾಸ್ತಿ ಹಿಂಸೆ. ಗೇರ್‌ಬಾಕ್ಸಿನಿಂದ ಕೂಲರ್‌ಗೆ ಹೊರಡುವ ಪೈಪಿನಲ್ಲಿ ಸೆನ್ಸರ್ ಇಟ್ಟರೆ ಈ ಏರಿಕೆ ತಕ್ಷಣ ಕಾಣುತ್ತದೆ. ಕೆಳಗಿನ ಪ್ಯಾನ್‌ನಲ್ಲಿಟ್ಟರೆ ಅದೇ ಬಿಸಿ ತಡವಾಗಿ, ತಗ್ಗಿ ಕಾಣುತ್ತದೆ. ಆದರೂ ನನ್ನ ಆಯ್ಕೆ ಪ್ಯಾನ್. ಗೇರ್‌ಬಾಕ್ಸಿನ ಒಳಗೆ ಸುತ್ತುವ ಆಯಿಲ್ ಅಲ್ಲಿಂದಲೇ ಹೋಗುವುದು. ಅಲ್ಲಿ 80ರಿಂದ 95 ಡಿಗ್ರಿ ಇದ್ದರೆ ನೆಮ್ಮದಿ. 110 ದಾಟಿ ಅಲ್ಲೇ ನಿಂತರೆ ಕೂಲರ್ ದೊಡ್ಡದು ಬೇಕು.

ಡ್ರೈ ಕ್ಲಚ್ ಡಿಎಸ್‌ಜಿಗೆ ಆಯಿಲ್ ಸೆನ್ಸರ್ ಹಾಕಿ ಅಂತ ಕೇಳಿದರೆ ನಾನು ಬೇಡ ಅನ್ನುತ್ತೇನೆ. ಅಲ್ಲಿ ಸುಡುವುದು ಕ್ಲಚ್, ಅದು ಆಯಿಲ್‌ನಲ್ಲಿ ಮುಳುಗಿಲ್ಲ. ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ಟೇ ಕ್ಲಚ್ ಬಿಸಿಯನ್ನು ಲೆಕ್ಕ ಹಾಕಿ ಇಟ್ಟುಕೊಂಡಿರುತ್ತದೆ. ಕಾರಿನ ಕಂಪ್ಯೂಟರ್ ಓದಲು ಇರುವ ಒಬಿಡಿ ಪೋರ್ಟ್‌ನಿಂದ ಅದನ್ನು ಓದಬಲ್ಲ ಡಿಸ್‌ಪ್ಲೇ ತೆಗೆದುಕೊಳ್ಳಿ.

ಇಂಧನ ಮಿಶ್ರಣ ನೋಡುವ ವೈಡ್‌ಬ್ಯಾಂಡ್ ಮೀಟರ್ ಹಾಕುವವರು ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮರೆಯಬಾರದು. ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲ್‌ಗೆ ಸರಿಯಾದ ಗಾಳಿ 14.7 ಪಾಲು, ಇ20ಗೆ ಸುಮಾರು 13.5. ಆದರೆ ಸೆನ್ಸರ್ ಅಳೆಯುವುದು ಲ್ಯಾಂಬ್ಡಾ, ಅಂದರೆ ಆ ಇಂಧನಕ್ಕೆ ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಅನ್ನುವುದು. 1 ಅಂದರೆ ಸರಿಯಾಗಿದೆ. ಪೆಟ್ರೋಲ್ ಸ್ಕೇಲ್ ಇರುವ ಮೀಟರ್, ಒಳಗೆ ಏನೇ ತುಂಬಿಸಿದ್ದರೂ ಲ್ಯಾಂಬ್ಡಾ 1 ಆದಾಗ 14.7 ಅಂತಲೇ ಬರೆಯುತ್ತದೆ. ಸೆಟಿಂಗ್‌ಗೆ ಹೋಗಿ ಲ್ಯಾಂಬ್ಡಾ ಮಾಡಿಬಿಡಿ, ಗೊಂದಲ ಮುಗಿಯುತ್ತದೆ. ಸೆನ್ಸರ್ ಮಾತ್ರ ಎಕ್ಸಾಸ್ಟ್ ಪೈಪಿನ ಮೇಲ್ಭಾಗದಲ್ಲಿರಲಿ, ಟರ್ಬೊ ದಾಟಿದ ಮೇಲೆ. ಕೆಳಭಾಗದಲ್ಲಿಟ್ಟರೆ ಬೆಳಗಿನ ಸ್ಟಾರ್ಟ್‌ನಲ್ಲಿ ಪೈಪಿನೊಳಗಿನ ನೀರು ತಾಗಿ ಸೆರಾಮಿಕ್ ಒಡೆಯುತ್ತದೆ.

ಬೂಸ್ಟ್ ಮೀಟರ್ ಬಗ್ಗೆ ಒಂದೇ ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು 0.1 ಬಾರ್ ಕಡಿಮೆ. ಸಮುದ್ರಮಟ್ಟದ ಒತ್ತಡವನ್ನೇ ಸೊನ್ನೆ ಅಂತ ಹಿಡಿಯುವ ಕೆಲವು ಮೀಟರ್ ಎಂಜಿನ್ ಆಫ್ ಇದ್ದಾಗಲೂ ಇಲ್ಲಿ ಸೊನ್ನೆಗಿಂತ ಕೆಳಗೆ ತೋರಿಸುವುದು ಇದಕ್ಕೇ. ವಾಪಸ್ ಕೊಡಬೇಡಿ, ಮೀಟರ್ ಕೆಟ್ಟಿಲ್ಲ.

ವಯರಿಂಗ್‌ನಲ್ಲಿ ಪ್ರತ್ಯೇಕ ಫ್ಯೂಸ್ ಇರಲಿ. ವಯರ್ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ದಾಟುವಲ್ಲಿ ರಬ್ಬರ್ ಗ್ರಾಮೆಟ್ ಇರಲಿ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಕುಣಿದರೆ ಮೊದಲು ಅರ್ಥ್ ನೋಡಿ. ಬಿಸಿ ಆಯಿಲನ್ನೇ ಪೈಪಿನಲ್ಲಿ ಕ್ಯಾಬಿನ್‌ಗೆ ತರುವ ಹಳೇ ಮೆಕ್ಯಾನಿಕಲ್ ಮೀಟರನ್ನು ನಾನು ಯಾರ ಕಾರಿಗೂ ಹಾಕುವುದಿಲ್ಲ.

ಎಲ್ಲ ಕೂರಿಸಿದ ಮೇಲೆ ಮೊದಲ ವಾರ ಸುಮ್ನೆ ನಿಧಾನವಾಗಿ ಓಡಿಸಿ, ಆಯಿಲ್ ಪ್ರೆಶರ್ ಅಂಕಿ ಬರೆದಿಡಿ. ತಣ್ಣಗಿದ್ದಾಗ ಎಷ್ಟು, ಬಿಸಿಯಾಗಿ ಐಡಲ್‌ನಲ್ಲಿ ಎಷ್ಟು, 3,000ದಲ್ಲಿ ಎಷ್ಟು. 1,000 ಆರ್‌ಪಿಎಂಗೆ 10 ಪಿಎಸ್‌ಐ ಪ್ರೆಶರ್ ಅನ್ನುವ ಹಳೇ ಲೆಕ್ಕ ಎರಡು ಹಂತದ ಆಯಿಲ್ ಪಂಪ್ ಇರುವ ಎಂಜಿನ್‌ಗಳಿಗೆ ಹೊಂದುವುದಿಲ್ಲ. ಅವುಗಳಲ್ಲಿ ಪ್ರೆಶರ್ ನಡುವೆ ಒಮ್ಮೆಲೇ ಜಿಗಿಯುತ್ತದೆ. ಪ್ರೆಶರ್ ಅಲಾರಂ ಇಡುವಾಗ ನೀವು ಬರೆದಿಟ್ಟ ಬಿಸಿ ಐಡಲ್ ಅಂಕಿಗಿಂತ ಸ್ವಲ್ಪ ಕೆಳಗೆ ಇಡಿ. ಎಂಜಿನ್ ಆಯಿಲ್ ಬಿಸಿಯ ಅಲಾರಂ 125 ಡಿಗ್ರಿಗೆ ಇಡಿ.