ನೈತಿಕ ಹಕ್ಕು: ಕೃತಿ ಮಾರಿದ ಮೇಲೂ ಕೃತಿಕಾರರ ಬಳಿ ಉಳಿಯುವುದೇನು?

ಕಲಾವಿದರು ಚಿತ್ರ ಮಾರುತ್ತಾರೆ, ಲೇಖಕರು ಕಾದಂಬರಿಯ ಸಿನಿಮಾ ಹಕ್ಕು ಕೊಡುತ್ತಾರೆ, ದುಡ್ಡು ಕೈಸೇರುತ್ತದೆ. ಅಲ್ಲಿಗೆ ಕೃತಿಗೂ ಅವರಿಗೂ ಇದ್ದ ಸಂಬಂಧ ಮುಗಿಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಕೃತಿಸ್ವಾಮ್ಯವನ್ನು ಪೂರ್ತಿ ಬರೆದುಕೊಟ್ಟ ಮೇಲೂ ಎರಡು ಹಕ್ಕು ಕೃತಿಕಾರರಲ್ಲೇ ಉಳಿಯುತ್ತವೆ. ಒಂದು, ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು. ಇನ್ನೊಂದು, ತನ್ನ ಮಾನಕ್ಕೋ ಹೆಸರಿಗೋ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ, ಕತ್ತರಿಸಿದರೆ, ಬದಲಾಯಿಸಿದರೆ ಅದನ್ನು ತಡೆಯುವ ಮತ್ತು ಪರಿಹಾರ ಕೇಳುವ ಹಕ್ಕು. ಇವೆರಡೂ ಸೇರಿ ನೈತಿಕ ಹಕ್ಕು. ಹೆಸರು ಕೇಳಿ ಬರೀ ಸೌಜನ್ಯದ ವಿಷಯ ಅಂದುಕೊಳ್ಳಬಾರದು. ಇದನ್ನು ಹಿಡಿದು ಕೋರ್ಟಿಗೆ ಹೋಗಬಹುದು.

ಈ ಕಲ್ಪನೆ ಬೆಳೆದದ್ದು ಫ್ರಾನ್ಸಿನ ನ್ಯಾಯಾಲಯಗಳಲ್ಲಿ. 1928ರಲ್ಲಿ ರೋಮ್‌ನಲ್ಲಿ, ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದ ಪರಿಷ್ಕರಣೆ ನಡೆದಾಗ ಅದು ಅಂತರರಾಷ್ಟ್ರೀಯ ಕಾನೂನಿಗೆ ಬಂತು. ನಮಗೆ ಕಾನೂನು ಕಲಿಸಿದ ಬ್ರಿಟನ್ನು ಇದನ್ನು ತನ್ನ ಕಾಯ್ದೆಗೆ ಸೇರಿಸಿಕೊಂಡದ್ದು 1988ರಲ್ಲಿ. ಭಾರತ ಅದಕ್ಕೂ ಮೂರು ದಶಕ ಮೊದಲೇ ಸೇರಿಸಿತ್ತು. ದುಡ್ಡು ಕೊಟ್ಟವನದೇ ವಸ್ತು ಎನ್ನುವುದು ಒಂದು ರಾಜಕೀಯ ನಿಲುವು. ಸರ್ಕಾರದ್ದಾದ ಮೇಲೆ ಸಾರ್ವಜನಿಕರದ್ದು, ಸರ್ಕಾರ ಏನು ಬೇಕಾದರೂ ಮಾಡಬಹುದು ಎನ್ನುವುದು ಇನ್ನೊಂದು. ಬಲಕ್ಕೂ ಎಡಕ್ಕೂ ಸಲ್ಲುವ ಈ ಎರಡು ನಿಲುವುಗಳಲ್ಲೂ ಕೃತಿ ಮಾಡಿದವರಿಗೆ ಜಾಗವಿಲ್ಲ. ಆ ಜಾಗ ಉಳಿಸಿಕೊಟ್ಟಿರುವುದು 57ನೇ ಸೆಕ್ಷನ್.

ಅದು ಕೆಲಸ ಮಾಡುವ ಬಗೆ ತಿಳಿಯಲು ಶಿಲ್ಪಿ ಅಮರನಾಥ ಸೆಹಗಲ್ ಅವರ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ದೆಹಲಿಯ ವಿಜ್ಞಾನ ಭವನಕ್ಕೆಂದು ಕೇಂದ್ರ ಸರ್ಕಾರ 1957ರಲ್ಲಿ ಅವರಿಗೆ ಒಂದು ಕಂಚಿನ ಭಿತ್ತಿಶಿಲ್ಪ ಮಾಡಿಕೊಡಲು ಒಪ್ಪಿಸಿತು. ಸುಮಾರು 140 ಅಡಿ ಉದ್ದ, 40 ಅಡಿ ಎತ್ತರದ ಕೆಲಸ. ಐದು ವರ್ಷ ಹಿಡಿಯಿತು. 1979ರಲ್ಲಿ ಕಟ್ಟಡದ ನವೀಕರಣದ ಹೆಸರಿನಲ್ಲಿ ಅದನ್ನು ಗೋಡೆಯಿಂದ ಕಿತ್ತು ಗೋದಾಮಿಗೆ ಹಾಕಿದರು. ಶಿಲ್ಪಿಗೆ ಒಂದು ಮಾತೂ ತಿಳಿಸಲಿಲ್ಲ. ಸಾಗಿಸುವಾಗ ತುಂಡುಗಳು ಮುರಿದವು, ಕೆಲವು ಕಳೆದೇ ಹೋದವು. ಅವರ ಹೆಸರಿದ್ದ ತುಂಡು ಕೂಡ ಸಿಗಲಿಲ್ಲ. ಅವರು 1992ರಲ್ಲಿ ದಾವೆ ಹೂಡಿದರು. ದುಡ್ಡು ಕೊಟ್ಟು ಕೊಂಡ ಮೇಲೆ ಅದು ನಮ್ಮದು ಎಂದು ಸರ್ಕಾರ ವಾದಿಸಿತು. 2005ರಲ್ಲಿ ದೆಹಲಿ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿತು: ಉಳಿದ ತುಂಡುಗಳನ್ನು ಶಿಲ್ಪಿಗೆ ಮರಳಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ಕೃತಿಯನ್ನು ನಾಶ ಮಾಡುವುದು ಕೃತಿಯನ್ನು ಅಂಗಹೀನಗೊಳಿಸುವುದರ ಕೊನೆಯ ರೂಪವೇ ಎಂಬ ಮಾತನ್ನೂ ನ್ಯಾಯಾಲಯ ಆಡಿತು.

ಹಾಗಾದರೆ ಕಟ್ಟಡವನ್ನೇ ಕೆಡವಿದರೆ? ವಾಸ್ತುಶಿಲ್ಪಿ ರಾಜ್ ರೇವಾಲ್ ವಿನ್ಯಾಸ ಮಾಡಿದ, ದೆಹಲಿಯ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಎಂಬ ಪ್ರದರ್ಶನ ಭವನ 1972ರದ್ದು. ದೊಡ್ಡ ಹರವಿನ ಕಾಂಕ್ರೀಟ್ ಸ್ಪೇಸ್ ಫ್ರೇಮ್, ಅಂದರೆ ತೊಲೆಗಳನ್ನು ತ್ರಿಕೋನಗಳಾಗಿ ಹೆಣೆದ ಚೌಕಟ್ಟಿನ ರಚನೆ. 2017ರ ಏಪ್ರಿಲ್‌ನಲ್ಲಿ ಅದನ್ನು ನೆಲಸಮ ಮಾಡಿದರು. 2019ರಲ್ಲಿ ಅದೇ ದೆಹಲಿ ಹೈಕೋರ್ಟ್ ರೇವಾಲ್ ಅವರ ದಾವೆಯನ್ನು ಒಪ್ಪಲಿಲ್ಲ. ಕಟ್ಟಡವನ್ನು ವಿಕಾರ ಮಾಡಿ ನಿಲ್ಲಿಸಿದರೆ ನೋಡಿದವರು ವಾಸ್ತುಶಿಲ್ಪಿಯನ್ನು ಬೈಯಬಹುದು. ಪೂರ್ತಿ ಕೆಡವಿದರೆ ನೋಡಲು ಏನೂ ಉಳಿಯುವುದಿಲ್ಲ, ಆದ್ದರಿಂದ ಹೆಸರಿಗೆ ಕುಂದೂ ಇಲ್ಲ, ಜಾಗದ ಮಾಲೀಕರ ಆಸ್ತಿಹಕ್ಕೇ ಮೇಲು ಎಂಬುದು ತೀರ್ಪಿನ ಸಾರ. ಜಾಗವಿರುವವರಿಗೆ ಹಳೆಯ ಕಟ್ಟಡ ತೆಗೆಯುವ ಸ್ವಾತಂತ್ರ್ಯ ಬೇಕು ಎನ್ನುವುದನ್ನು ಒಪ್ಪಬಹುದು. ಆದರೆ ಸ್ವಲ್ಪ ಕೆಡಿಸಿದವರು ತಪ್ಪಿತಸ್ಥರು, ಪೂರ್ತಿ ಅಳಿಸಿದವರು ಪಾರು ಎಂಬಲ್ಲಿಗೆ ಈ ತರ್ಕ ಬಂದು ನಿಲ್ಲುತ್ತದೆ. ಅದು ಸರಿಯಲ್ಲ.

ಕಾಯ್ದೆಯ ಮಾತೂ ಕಾಲಕಾಲಕ್ಕೆ ಬದಲಾಗಿದೆ. 1986ರಲ್ಲಿ ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿಯನ್ನು ಸಿನಿಮಾದವರು ಕೆಡಿಸಿದರೆಂದು ಕೋರ್ಟಿಗೆ ಹೋದಾಗ, ಹಕ್ಕು ಮಾರಿದ ಮೇಲೂ ಲೇಖಕರ ಮಾತಿಗೆ ಬೆಲೆಯಿದೆ ಎಂದು ದೆಹಲಿ ಹೈಕೋರ್ಟ್ ಹೇಳಿತು. 1994ರ ತಿದ್ದುಪಡಿ ಸ್ವಲ್ಪ ಬಿಗಿಮಾಡಿತು: ಯಾವುದೇ ಬದಲಾವಣೆಯನ್ನು ಪ್ರಶ್ನಿಸಬೇಕಾದರೂ ಅದು ಮಾನಕ್ಕೋ ಹೆಸರಿಗೋ ಕುಂದು ಬರುವಂತಿರಬೇಕು. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯದ ಅವಧಿ ಮುಗಿದ ಮೇಲೂ ತಿರುಚುವಿಕೆಯನ್ನು ಪ್ರಶ್ನಿಸಬಹುದು. ಕೃತಿಕಾರರು ತೀರಿಕೊಂಡ ಮೇಲೆ ಎರಡೂ ಹಕ್ಕುಗಳನ್ನು ಅವರ ವಾರಸುದಾರರು ಚಲಾಯಿಸಬಹುದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಲೇಬೇಕು. ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ಮಾತೆ ಮಹಾದೇವಿ ಪುಸ್ತಕ ಪ್ರಕಟಿಸಿದಾಗ ಕರ್ನಾಟಕ ಸರ್ಕಾರ 1998ರಲ್ಲಿ ಅದನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಅಂಕಿತವೆಂದರೆ ವಚನಕಾರರ ಗುರುತು, ಹಾಗಾಗಿ ಇದು ನೈತಿಕ ಹಕ್ಕಿನ ವಿಷಯದಂತೆಯೇ ಕಾಣುತ್ತದೆ. ಅಲ್ಲ. ನಿಷೇಧಕ್ಕೆ ಆಧಾರವಾದದ್ದು ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ಕ್ರಿಮಿನಲ್ ಕಾನೂನು. ನೈತಿಕ ಹಕ್ಕು ಕೃತಿಕಾರರದ್ದು, ಅವರ ನಂತರ ವಾರಸುದಾರರದ್ದು. ಸಮುದಾಯದ್ದಲ್ಲ, ಪಕ್ಷದ್ದಲ್ಲ, ಸರ್ಕಾರದ್ದೂ ಅಲ್ಲ. ಒಬ್ಬ ಕವಿಯ ಸಾಲನ್ನು ಚುನಾವಣಾ ಪೋಸ್ಟರಿಗಾಗಿ ತಿರುಚಿದರೆ ಪ್ರಶ್ನಿಸಬೇಕಾದವರು ಆ ಕವಿ. ತಿರುಚಿದ್ದು ಅವರಿಗೆ ಒಪ್ಪಿಗೆಯಾದ ಪಕ್ಷವೋ ಆಗದ ಪಕ್ಷವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಹಕ್ಕು ಇದ್ದರೂ ಸೋಲುವುದು ಸಾಮಾನ್ಯವಾಗಿ ಸಾಕ್ಷ್ಯದಲ್ಲಿ. ‘ನನಗೆ ಬೇಸರವಾಯಿತು’ ಎಂದರೆ ಸಾಲದು. ಅದೇ ಕ್ಷೇತ್ರದ ಬಲ್ಲವರೂ ಇದು ಹೆಸರಿಗೆ ಕುಂದು ಎನ್ನಬೇಕು. 1982ರಲ್ಲಿ ಕೆನಡಾದ ಟೊರೊಂಟೊದ ಒಂದು ಮಾಲ್‌ನಲ್ಲಿ ತೂಗುಹಾಕಿದ್ದ 60 ಹೆಬ್ಬಾತುಗಳ ಶಿಲ್ಪಕ್ಕೆ ಕ್ರಿಸ್‌ಮಸ್‌ಗೆಂದು ಕೆಂಪು ರಿಬ್ಬನ್ ಕಟ್ಟಿದ್ದರು. ಶಿಲ್ಪಿ ಮೈಕೆಲ್ ಸ್ನೋ ಗೆದ್ದದ್ದು ಇತರ ಕಲಾವಿದರ, ಬಲ್ಲವರ ಅಭಿಪ್ರಾಯದ ಬಲದಿಂದ. ಎರಡನೆಯ ತೊಡಕು ತಡಮಾಡುವುದು: ಪರಿಹಾರದ ದಾವೆಗೆ ಮೂರು ವರ್ಷದ ಮಿತಿಯಿದೆ. ಇನ್ನು, ಕೃತಿಯನ್ನು ಪ್ರದರ್ಶಿಸಲಿಲ್ಲ ಅಥವಾ ಮೂಲೆಯಲ್ಲಿಟ್ಟರು ಎಂಬ ದೂರು ನಿಲ್ಲುವುದಿಲ್ಲ; ಅದು ಉಲ್ಲಂಘನೆಯಲ್ಲ ಎಂದು 57ನೇ ಸೆಕ್ಷನ್ನಿನ ವಿವರಣೆಯೇ ಹೇಳುತ್ತದೆ.

ಆದ್ದರಿಂದ ಕೆಲಸವೆಲ್ಲ ಮೊದಲೇ ಆಗಬೇಕು. ಕರಾರಿನಲ್ಲಿ ಹೆಸರು ಎಲ್ಲಿ, ಯಾವ ಅಳತೆಯಲ್ಲಿ ಬರಬೇಕು, ಬದಲಾವಣೆಗೆ ಲಿಖಿತ ಒಪ್ಪಿಗೆ ಬೇಕೇ, ಕೃತಿ ತೆಗೆಯುವ ಮೊದಲು ಎಷ್ಟು ದಿನದ ನೋಟಿಸ್ ಕೊಡಬೇಕು, ಬೇಡವಾದರೆ ಮೊದಲು ಕೃತಿಕಾರರಿಗೇ ಮರಳಿಸಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ‘ನೈತಿಕ ಹಕ್ಕು ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲಿದ್ದರೆ ಸಹಿ ಮಾಡುವ ಮೊದಲು ನಿಲ್ಲಿ: ಸ್ವಇಚ್ಛೆಯಿಂದ ಹೆಸರು ಬಿಟ್ಟುಕೊಟ್ಟ ಸಿನಿಮಾ ನಿರ್ದೇಶಕರ ಕರಾರನ್ನು 2015ರಲ್ಲಿ ದೆಹಲಿ ಹೈಕೋರ್ಟ್ ಮಾನ್ಯ ಮಾಡಿದೆ. ನೋಂದಣಿ ಕಡ್ಡಾಯವಲ್ಲ, ಸಾಹಿತ್ಯ ಅಥವಾ ಕಲಾಕೃತಿ ಒಂದಕ್ಕೆ 500 ರೂಪಾಯಿ ಕಟ್ಟಿ ಮಾಡಿಸಿದರೆ ಸಾಕ್ಷ್ಯಕ್ಕೆ ಅನುಕೂಲ. ದಾವೆಯನ್ನು ನೀವು ವಾಸವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ಕೃತಿಯಿರುವ ಗೋಡೆ ಕೆಡವುವ ಸುಳಿವು ಸಿಕ್ಕಿದರೆ ಪರಿಹಾರಕ್ಕಿಂತ ಮೊದಲು ತಡೆಯಾಜ್ಞೆ ಕೇಳಬೇಕು. ಸಂಬಳಕ್ಕೆ ದುಡಿಯುವವರ ಕೃತಿಸ್ವಾಮ್ಯ ಬಹುಪಾಲು ಮಾಲೀಕರದ್ದಾಗುತ್ತದೆ, ಆದರೆ ಕೃತಿಕಾರರು ಅವರೇ; 57ನೇ ಸೆಕ್ಷನ್ ಅವರಿಗೂ ಇದೆ.

ಈಗ ಯಂತ್ರವೇ ಚಿತ್ರ, ಪದ್ಯ ಕೊಡುತ್ತಿದೆ. ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟುವಂತೆ ಮಾಡಿದ ವ್ಯಕ್ತಿಯೇ ಕೃತಿಕಾರ ಎನ್ನುತ್ತದೆ ನಮ್ಮ ಕಾಯ್ದೆ. ಮಾನ, ಹೆಸರು ಎಂಬವು ಯಂತ್ರಕ್ಕಿಲ್ಲ, ಮನುಷ್ಯರಿಗಿವೆ. ಯಂತ್ರ ಒಬ್ಬರ ಶೈಲಿಯನ್ನು ಅನುಕರಿಸಿದರೆ 57ನೇ ಸೆಕ್ಷನ್ ನೆರವಿಗೆ ಬರುವುದು ಕಷ್ಟ, ಏಕೆಂದರೆ ಕಾನೂನು ಕಾಯುವುದು ಕೃತಿಯನ್ನು, ಶೈಲಿಯನ್ನಲ್ಲ. ಆದರೆ ನೀವು ಬರೆದ ಚಿತ್ರವನ್ನೇ ಯಂತ್ರಕ್ಕೆ ಹಾಕಿ, ಮುಖ ಬದಲಿಸಿ, ನಿಮ್ಮ ಹೆಸರಿನಲ್ಲೇ ಹಂಚಿದರೆ ಮೊಕದ್ದಮೆ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ಕರಡು, ಸ್ಕೆಚ್, ಪದರ (ಲೇಯರ್) ಬಿಡಿಬಿಡಿಯಾಗಿರುವ ಮೂಲ ಫೈಲು, ಕಳಿಸಿದ ಇಮೇಲಿನ ದಿನಾಂಕ ಎಲ್ಲವನ್ನೂ ತೆಗೆದಿಟ್ಟಿರಬೇಕು.