ಕ್ಲಾಸ್ ಟು ಅಂದ್ರೆ ಎರಡನೇ ದರ್ಜೆ ಅಲ್ಲ: ಗಟ್ಟಿ ಹಲ್ಲು ಕೀಳಬೇಕಾ ಅನ್ನೋ ನೂರು ವರ್ಷದ ಜಗಳ

ಅಕ್ಕನ ಮಗಳಿಗೆ ಹದಿನೇಳು ವರ್ಷ. ಮೇಲಿನ ಹಲ್ಲು ಉಬ್ಬಿದೆ, ಕ್ಲಿಪ್ ಹಾಕಿಸೋಣ ಅಂತ ಕರೆದುಕೊಂಡು ಹೋಗಿದ್ದರು. ಡಾಕ್ಟರು ಕಾರ್ಡಿನಲ್ಲಿ ‘ಕ್ಲಾಸ್ ಟು, ಡಿವಿಷನ್ ಒನ್’ ಅಂತ ಬರೆದು, ಮೇಲಿನ ಎರಡು ಹಲ್ಲು ತೆಗೆಸಬೇಕಾಗುತ್ತದೆ ಅಂದರು. ರಾತ್ರಿ ಅಕ್ಕ ಫೋನ್ ಮಾಡಿದಳು. ಕ್ಲಾಸ್ ಟು ಅಂದ್ರೆ ತೊಂದರೆ ಎರಡನೇ ಹಂತಕ್ಕೆ ಹೋಗಿದೆ ಅಂತಾನಾ? ಹುಳುಕಿಲ್ಲ, ನೋವಿಲ್ಲ, ಗಟ್ಟಿಯಾಗಿರುವ ಹಲ್ಲನ್ನು ಯಾಕೆ ಕೀಳಿಸಬೇಕು?

ಮೊದಲನೆಯದಕ್ಕೆ ಉತ್ತರ ಸುಲಭ. ಅಲ್ಲ, ಅದು ಹಂತವೂ ಅಲ್ಲ, ದರ್ಜೆಯೂ ಅಲ್ಲ. ಎರಡನೆಯದರ ಬಗ್ಗೆ ಹಲ್ಲಿನ ಡಾಕ್ಟರುಗಳೇ ನೂರು ವರ್ಷಕ್ಕೂ ಜಾಸ್ತಿ ಕಾಲ ಜಗಳ ಆಡಿದ್ದಾರೆ. ಮಜಾ ಏನೆಂದರೆ ಆ ಪದ ಮತ್ತು ಆ ಜಗಳ, ಎರಡರ ಹಿಂದೆಯೂ ಇರುವುದು ಒಬ್ಬನೇ ಮನುಷ್ಯ: ಅಮೆರಿಕದ ಎಡ್ವರ್ಡ್ ಆಂಗಲ್.

ಅವನಿಗಿಂತ ಮುಂಚೆಯೂ ಹಲ್ಲು ಸರಿಮಾಡುವವರು ಇದ್ದರು. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲೇ ಕುದುರೆ ಲಾಳದ ಆಕಾರದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಎಳೆಯುವುದನ್ನು ಬರೆದಿಟ್ಟಿದ್ದ. ಆದರೆ ಯಾವ ಬಾಯಿಯಲ್ಲಿ ಏನು ತಪ್ಪಿದೆ ಅಂತ ಹೇಳಲು ಎಲ್ಲರೂ ಒಪ್ಪುವ ಭಾಷೆ ಇರಲಿಲ್ಲ. ಒಬ್ಬ ಡಾಕ್ಟರು ‘ವಕ್ರ’ ಅಂದದ್ದು ಇನ್ನೊಬ್ಬರಿಗೆ ಏನೂ ತಿಳಿಸುತ್ತಿರಲಿಲ್ಲ. ಆಂಗಲ್ 1899ರಲ್ಲಿ ಆ ಭಾಷೆ ಕೊಟ್ಟ.

ಅವನು ಹಿಡಿದುಕೊಂಡದ್ದು ಒಂದೇ ಗುರುತು, ಆರನೇ ವರ್ಷದ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆ ಹಲ್ಲು. (ಇದು ಯಾವ ಹಾಲುಹಲ್ಲನ್ನೂ ಬೀಳಿಸದೆ ಸದ್ದಿಲ್ಲದೆ ಹಿಂದೆ ಹುಟ್ಟುತ್ತದೆ, ಹಾಗಾಗಿ ಎಷ್ಟೋ ಮನೆಗಳಲ್ಲಿ ಇದನ್ನೂ ಹಾಲುಹಲ್ಲು ಅಂದುಕೊಂಡು, ಹುಳುಕಾದರೂ ಬಿದ್ದು ಹೊಸದು ಬರುತ್ತೆ ಬಿಡು ಅಂತ ಸುಮ್ಮನಿರುತ್ತಾರೆ. ಬರಲ್ಲ. ದಯವಿಟ್ಟು ತೋರಿಸಿ.) ಹಲ್ಲು ಕಚ್ಚಿ ಹಿಡಿದಾಗ ಮೇಲಿನ ಈ ಹಲ್ಲಿನ ಮುಂದಿನ ಹೊರ ಮೊನೆ, ಕೆಳಗಿನ ಅದೇ ಹಲ್ಲಿನ ಹೊರಬದಿಯ ಗೀರಿನಲ್ಲಿ ಕೂರಬೇಕು. ಅಲ್ಲಿ ಸರಿಯಾಗಿ ಕೂತು, ಬೇರೆ ಹಲ್ಲುಗಳು ಮಾತ್ರ ಸೊಟ್ಟಗಿದ್ದರೆ ಕ್ಲಾಸ್ ಒನ್. ಕೆಳಗಿನ ಹಲ್ಲು ಹಿಂದೆ ಉಳಿದಿದ್ದರೆ ಕ್ಲಾಸ್ ಟು. ಮುಂದೆ ಬಂದಿದ್ದರೆ ಕ್ಲಾಸ್ ತ್ರೀ. ಕ್ಲಾಸ್ ಟುನಲ್ಲಿ ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿದ್ದರೆ ಡಿವಿಷನ್ ಒನ್, ಒಳಕ್ಕೆ ವಾಲಿದ್ದರೆ ಡಿವಿಷನ್ ಟು. ಅಷ್ಟೇ. ಕ್ಲಾಸ್ ಒನ್ ಬಾಯಿ ಕ್ಲಾಸ್ ಟು ಬಾಯಿಗಿಂತ ತುಂಬಾ ಹದಗೆಟ್ಟಿರಬಹುದು. ನಂಬರು ದಿಕ್ಕು ಹೇಳುತ್ತದೆ, ಎಷ್ಟು ಕೆಟ್ಟಿದೆ ಅಂತ ಹೇಳುವುದಿಲ್ಲ.

ಇಷ್ಟು ಸರಳವಾಗಿದ್ದದ್ದಕ್ಕೇ ಅದು ಉಳಿಯಿತು. ಕ್ಷಕಿರಣ ಬೇಡ, ಯಂತ್ರ ಬೇಡ, ಕೆನ್ನೆ ಸರಿಸಿ ನೋಡಿದರೆ ಸಾಕು. ನನಗೆ ಇವತ್ತಿಗೂ ಅದು ದೊಡ್ಡ ಕೆಲಸ ಅನ್ನಿಸುತ್ತದೆ.

ತೊಂದರೆ ಶುರುವಾದದ್ದು ಅವನ ನಂಬಿಕೆಯಿಂದ. ಮನುಷ್ಯನಿಗೆ ಮೂವತ್ತೆರಡು ಹಲ್ಲು ಕೊಟ್ಟಿರುವಾಗ ಮೂವತ್ತೆರಡಕ್ಕೂ ಜಾಗ ಇದ್ದೇ ಇರುತ್ತದೆ, ಹಲ್ಲನ್ನು ಸರಿಯಾದ ಜಾಗಕ್ಕೆ ತಂದರೆ ಮೂಳೆ ತಾನಾಗಿ ಸುತ್ತ ಬೆಳೆಯುತ್ತದೆ, ಮುಖವೂ ಚೆನ್ನಾಗುತ್ತದೆ ಅಂತ ಅವನು ಹೇಳಿದ. ಚೆನ್ನಾದ ಮುಖ ಅಂದರೆ ಅವನಿಗೆ ಅಪೊಲೊ ಬೆಲ್ವೆಡೆರೆ ಅನ್ನುವ ಅಮೃತಶಿಲೆಯ ವಿಗ್ರಹದ ಮುಖ. ಹಾಗಾಗಿ ಹಲ್ಲು ಕೀಳುವುದು ಅವನ ಪ್ರಕಾರ ಪಾಪವೇ. 1911ರ ಒಂದು ಸಭೆಯಲ್ಲಿ ಕ್ಯಾಲ್ವಿನ್ ಕೇಸ್ ಅನ್ನುವ ಡಾಕ್ಟರು ಎದ್ದು, ಕೆಲವರಿಗೆ ಕೀಳಲೇಬೇಕಾಗುತ್ತದೆ, ಇಲ್ಲದಿದ್ದರೆ ಮುಖ ಕೆಡುತ್ತದೆ ಅಂದರು. ಆಂಗಲ್ ಕಡೆಯಿಂದ ಮಾರ್ಟಿನ್ ಡ್ಯೂಯಿ ವಾದಿಸಿದರು. ಜಗಳ ಜೋರಾಗೇ ನಡೆಯಿತು. ಗೆದ್ದದ್ದು ಆಂಗಲ್ ಪಕ್ಷ, ಏಕೆಂದರೆ ಹಲ್ಲು ಜೋಡಿಸುವ ಡಾಕ್ಟರುಗಳನ್ನು ತಯಾರು ಮಾಡುತ್ತಿದ್ದ ಶಾಲೆ ಅವನದು.

ಆಂಗಲ್ 1930ರಲ್ಲಿ ತೀರಿಕೊಂಡ. ಅವನ ಮಾತನ್ನು ಮುರಿದವರು ಹೊರಗಿನವರಲ್ಲ, ಅವನ ಶಿಷ್ಯರೇ. ಅರಿಜೋನಾದ ಚಾರ್ಲ್ಸ್ ಟ್ವೀಡ್ ಗುರು ಹೇಳಿದ ಹಾಗೆ ಒಂದು ಹಲ್ಲನ್ನೂ ಕೀಳದೆ ವರ್ಷಗಟ್ಟಲೆ ಕೆಲಸ ಮಾಡಿದರು. ಆಮೇಲೆ ತಾವೇ ಸರಿಮಾಡಿದ ಬಾಯಿಗಳನ್ನು ಮತ್ತೆ ಕರೆಸಿ ನೋಡಿದರು. ಎಷ್ಟೋ ಜನರ ಹಲ್ಲು ಮತ್ತೆ ಸೊಟ್ಟಗಾಗಿತ್ತು, ತುಟಿ ಉಬ್ಬಿತ್ತು. ಎಷ್ಟು ಜನ ಡಾಕ್ಟರು ಹೀಗೆ ತಮ್ಮ ಹಳೆಯ ಕೆಲಸವನ್ನು ಹುಡುಕಿಕೊಂಡು ಹೋಗಿ ನೋಡುತ್ತಾರೆ ಹೇಳಿ? ಟ್ವೀಡ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದೇ ಜನರಿಗೆ ದುಡ್ಡು ತೆಗೆದುಕೊಳ್ಳದೆ, ನಾಲ್ಕು ಸಣ್ಣ ದವಡೆ ಹಲ್ಲು ಕಿತ್ತು, ಮತ್ತೆ ಚಿಕಿತ್ಸೆ ಮಾಡಿದರು. 1940ರಲ್ಲಿ ಹಿಂದಿನದು, ಇಂದಿನದು ಎರಡನ್ನೂ ಅಕ್ಕಪಕ್ಕ ಇಟ್ಟು ಸಹೋದ್ಯೋಗಿಗಳಿಗೆ ತೋರಿಸಿದರು. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಗೌರವ ಹುಟ್ಟಿಸುವ ಮನುಷ್ಯ ಇವರೇ.

ಇನ್ನೊಬ್ಬ ಶಿಷ್ಯ ಆಸ್ಟ್ರೇಲಿಯಾದ ರೇಮಂಡ್ ಬೆಗ್. ಆ ನೆಲದ ಮೂಲನಿವಾಸಿಗಳ ಹಳೆಯ ತಲೆಬುರುಡೆಗಳಲ್ಲಿ ಹಲ್ಲುಗಳು ಒರಟು ಆಹಾರ ಅಗಿದು ಅಗಿದು ಮೇಲಷ್ಟೇ ಅಲ್ಲ, ಪಕ್ಕದಲ್ಲೂ ಸವೆದಿದ್ದವು. ಹಲ್ಲು ಸಣ್ಣದಾದ ಹಾಗೆ ಜಾಗ ಉಳಿಯುತ್ತದೆ. ಮೆತ್ತಗಿನ ಊಟ ಮಾಡುವ ನಮ್ಮ ಹಲ್ಲು ಸವೆಯುವುದಿಲ್ಲ, ಹಾಗಾಗಿ ಹಲ್ಲು ಕಿತ್ತು ಆ ಜಾಗ ಮಾಡಿಕೊಡಬೇಕು ಅನ್ನುವುದು ಬೆಗ್ ವಾದ. ವಾದವನ್ನು ಎಲ್ಲರೂ ಒಪ್ಪಲಿಲ್ಲ, ಆದರೆ ಅವರ ತೆಳು ತಂತಿಯ ಪದ್ಧತಿ ಬಹಳ ದೂರ ಹೋಯಿತು. ನಮ್ಮ ದೇಶದ ಡೆಂಟಲ್ ಕಾಲೇಜುಗಳಲ್ಲೂ ಎಷ್ಟೋ ವರ್ಷ ಬೆಗ್ ಪದ್ಧತಿಯನ್ನೇ ಕಲಿಸುತ್ತಿದ್ದರು.

ಆಮೇಲೆ ಲೋಲಕ ಇನ್ನೊಂದು ಕಡೆಗೆ ತೂಗಿತು. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ತನ್ನದೇ ಕ್ಲಿನಿಕ್ಕಿನ ಲೆಕ್ಕ ತೆಗೆದು ನೋಡಿತು. 1953ರಲ್ಲಿ ಬಂದವರಲ್ಲಿ ಶೇ. 30 ಜನರಿಗೆ ಹಲ್ಲು ಕಿತ್ತಿದ್ದರು. 1968ರಲ್ಲಿ ಶೇ. 76. 1993ರಲ್ಲಿ ಮತ್ತೆ ಶೇ. 28. ನಲವತ್ತು ವರ್ಷದಲ್ಲಿ ಜನರ ದವಡೆ ಇಷ್ಟು ಬದಲಾಗಲು ಸಾಧ್ಯವೇ ಇಲ್ಲ. ಬದಲಾದದ್ದು ಡಾಕ್ಟರುಗಳ ನಂಬಿಕೆ. ಇಳಿಕೆಗೆ ಒಂದು ಕಾರಣ ಭಯ. ಹಲ್ಲು ಕಿತ್ತದ್ದರಿಂದ ಕಿವಿ ಹತ್ತಿರದ ದವಡೆ ಕೀಲಿಗೆ ನೋವು ಬಂತು ಅಂತ 1980ರ ದಶಕದಲ್ಲಿ ಮಿಷಿಗನ್‌ನಲ್ಲಿ ಕೋರ್ಟಿಗೆ ಹೋದವರಿಗೆ ದೊಡ್ಡ ಪರಿಹಾರ ಸಿಕ್ಕಿತು. ಆಮೇಲಿನ ಅಧ್ಯಯನಗಳು ಕೀಳುವುದಕ್ಕೂ ಆ ನೋವಿಗೂ ಸಂಬಂಧ ಕಾಣಲಿಲ್ಲ, ಆದರೂ ಹೆದರಿಕೆ ಬೇಗ ಹೋಗಲಿಲ್ಲ.

ಇಷ್ಟರಲ್ಲಿ ಆಂಗಲ್ ಭಾಷೆಯ ದೊಡ್ಡ ಕೊರತೆಯೂ ಬಯಲಾಗಿತ್ತು. ಅದು ಹಲ್ಲನ್ನು ನೋಡುತ್ತದೆ, ದವಡೆಯನ್ನಲ್ಲ. ಹಲ್ಲು ಉಬ್ಬಿರುವುದು ಮೇಲಿನ ದವಡೆ ಮುಂದೆ ಬಂದದ್ದಕ್ಕಾ, ಕೆಳಗಿನದು ಹಿಂದೆ ಉಳಿದದ್ದಕ್ಕಾ, ಅಥವಾ ದವಡೆ ಸರಿಯಿದ್ದು ಹಲ್ಲು ಮಾತ್ರ ವಾಲಿದ್ದಕ್ಕಾ? 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾಟ್ ತಲೆಯನ್ನು ಅಲುಗದಂತೆ ಹಿಡಿದು ಪಕ್ಕದಿಂದ ಕ್ಷಕಿರಣ ಚಿತ್ರ ತೆಗೆಯುವ ದಾರಿ ತೋರಿಸಿದ ಮೇಲೆ ಇದನ್ನು ಅಳೆಯಲು ಆಯಿತು. ಈಗ ಡಾಕ್ಟರು ‘ಸೆಫ್’ ತೆಗೆಸಿ ಅನ್ನುವುದು ಇದನ್ನೇ. ಆ ಚಿತ್ರದಲ್ಲಿ ಎಸ್‌ಎನ್‌ಎ ಅನ್ನುವ ಕೋನ 82 ಡಿಗ್ರಿ, ಎಸ್‌ಎನ್‌ಬಿ ಅನ್ನುವ ಕೋನ 80 ಡಿಗ್ರಿ ಇರಬೇಕು ಅಂತ ಸ್ಟೈನರ್ ಅನ್ನುವ ಅಮೆರಿಕದ ಡಾಕ್ಟರು ಹಾಕಿಕೊಟ್ಟ ಅಳತೆ ಇವತ್ತಿಗೂ ನಡೆಯುತ್ತಿದೆ. ಮೊದಲನೆಯದು ಮೇಲಿನ ದವಡೆ ಎಷ್ಟು ಮುಂದಿದೆ ಅಂತ, ಎರಡನೆಯದು ಕೆಳಗಿನದು. ಆದರೆ ಅದು ಅಮೆರಿಕದ ಬಿಳಿಯರ ಮುಖಗಳಿಂದ ಬಂದ ಅಳತೆ. ನಮ್ಮವರ ತುಟಿ, ಹಲ್ಲು ಸ್ವಲ್ಪ ಮುಂದಿರುವುದು ನಮಗೆ ಸಹಜ ಇರಬಹುದು, ಅಲ್ವಾ? ಅದಕ್ಕೇ ಇಲ್ಲಿನವರಿಗೆ ಬೇರೆ ಅಳತೆ ಬೇಕಾಯಿತು.

ಅಕ್ಕನಿಗೆ ನಾನು ಹೇಳಿದ್ದು, ಡಾಕ್ಟರನ್ನು ಜಾಗದ ಲೆಕ್ಕ ಕೇಳು ಅಂತ. ಹಲ್ಲುಗಳು ಇಕ್ಕಟ್ಟಾಗಿದ್ದು ಜಾಗದ ಕೊರತೆ 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕೀಳುವುದು ಅಪರೂಪ, 10 ದಾಟಿದರೆ ಹೆಚ್ಚುಕಡಿಮೆ ಕೀಳಲೇಬೇಕು, ನಡುವೆ ಇದ್ದರೆ ಮುಖ, ತುಟಿ, ವಸಡು ಎಲ್ಲ ನೋಡಿ ತೀರ್ಮಾನಿಸುತ್ತಾರೆ. ಅವಳು ಕೇಳಿದಳು, ಡಾಕ್ಟರು ಬೇಜಾರಿಲ್ಲದೆ ಕೂತು ಹೇಳಿದರು. ಹುಡುಗಿಯ ಕೆಳಗಿನ ಸಾಲು ನೇರವಾಗೇ ಇದೆ, ಅಲ್ಲಿ ಜಾಗ ಬೇಕಿಲ್ಲ. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 9 ಮಿಲಿಮೀಟರ್ ಮುಂದಿದೆ, ಇರಬೇಕಾದದ್ದು 2-3. ಇದನ್ನು ಓವರ್‌ಜೆಟ್ ಅನ್ನುತ್ತಾರೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಬಂದಿದ್ದರೆ ಕೆಳದವಡೆ ಬೆಳೆಯುತ್ತಿರುವಾಗಲೇ ಅದನ್ನು ಮುಂದಿಟ್ಟು ಹಿಡಿಯುವ ಟ್ವಿನ್ ಬ್ಲಾಕ್ ಹಾಕಬಹುದಿತ್ತು. ಈಗ ಬೆಳವಣಿಗೆ ಮುಗಿದಿದೆ. ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲು ಸುಮಾರು 7 ಮಿಲಿಮೀಟರ್ ಅಗಲ ಇರುತ್ತದೆ. ಎರಡೂ ಬದಿ ಒಂದೊಂದು ತೆಗೆದರೆ ಮುಂದಿನ ಆರು ಹಲ್ಲು ಹಿಂದೆ ಬಂದು ಕೂರುತ್ತವೆ, ಒಂದು ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರಿನಂತೆ.

ಕ್ಲಿಪ್ ಹಾಕಿ ಈಗ ಐದು ತಿಂಗಳಾಯಿತು. ಎರಡು ಹಲ್ಲು ಹೋಗಿವೆ, ಜಾಗ ಮುಚ್ಚುತ್ತಾ ಬರುತ್ತಿದೆ. ಎಲ್ಲ ಮುಗಿದಾಗ ಬಾಚಿಹಲ್ಲು, ಕೋರೆಹಲ್ಲು ಸರಿಯಾಗಿ ಕೂರುತ್ತವೆ. ಆದರೆ ಹಿಂದಿನ ದವಡೆ ಹಲ್ಲುಗಳನ್ನು ಯಾರೂ ಸರಿಸುತ್ತಿಲ್ಲ, ಅವು ಈಗ ಕಚ್ಚುವ ಹಾಗೇ ಕಚ್ಚುತ್ತವೆ, ಊಟಕ್ಕೆ ಏನೂ ತೊಂದರೆಯಿಲ್ಲ. ಆಂಗಲ್ ಗುರುತಿನ ಪ್ರಕಾರ ಅವಳ ಕಾರ್ಡಿನಲ್ಲಿ ಆಗಲೂ ಕ್ಲಾಸ್ ಟು ಅಂತಲೇ ಬರೆಯಬೇಕು.