ಮಾರಿಕಣಿವೆ ತುಂಬುವುದು ಯಾರ ಮಳೆಯಿಂದ?

2025ರ ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸಿಗೆ, ವಾಣಿವಿಲಾಸ ಸಾಗರ ಕೋಡಿ ಬಿತ್ತು. ಚಿತ್ರದುರ್ಗ ಜಿಲ್ಲೆಯಲ್ಲಿ ಆ ತಿಂಗಳು ಮಳೆಯದಲ್ಲ. ಬೆಳಗ್ಗೆ ಚಳಿ, ಮಧ್ಯಾಹ್ನ ಚುರುಕು ಬಿಸಿಲು, ಕಣಗಳಲ್ಲಿ ಒಕ್ಕಣೆ. ಕಟ್ಟಿ ಮುಗಿದ 118 ವರ್ಷಗಳಲ್ಲಿ ಈ ಜಲಾಶಯ ಅದಕ್ಕೆ ಮೊದಲು ಕೋಡಿ ಬಿದ್ದದ್ದು ಎರಡೇ ಸಲ: 1933ರಲ್ಲಿ ಒಮ್ಮೆ, 89 ವರ್ಷ ಬಿಟ್ಟು 2022ರಲ್ಲಿ ಇನ್ನೊಮ್ಮೆ. ಮಳೆಗಾಲದಲ್ಲೇ ತುಂಬಲು ಇಷ್ಟು ಸತಾಯಿಸಿದ ಕೆರೆ ಬಿಸಿಲಲ್ಲಿ ತುಂಬಿ ಹರಿಯಿತೆಂದರೆ ಅದರ ಹಿಂದೆ ಏನೋ ಇರಲೇಬೇಕು. ಬಾಗಿನದ ಸಂಭ್ರಮದಲ್ಲಿ ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಎರಡು ಗುಡ್ಡಗಳ ಸಂದಿನಲ್ಲಿ ಈ ಕಟ್ಟೆಯಿದೆ. ಅದರ ಬುಡದ ಊರು ವಾಣಿವಿಲಾಸಪುರ. ಕಣಿವೆ ಮಾರಮ್ಮನ ಗುಡಿ, ನಾಲೆ, ಅದರ ಎರಡೂ ಬದಿಗೆ ತೆಂಗು ಅಡಕೆ, ತಲೆಯ ಮೇಲೆ ಕುರುಚಲು ಗುಡ್ಡ. ಸರ್ಕಾರಿ ಹೆಸರು ಏನೇ ಇರಲಿ, ಸುತ್ತಲಿನ ಹಳ್ಳಿಗಳ ಹಿರಿಯರ ಬಾಯಲ್ಲಿ ಇದು ಇವತ್ತಿಗೂ ಮಾರಿಕಣಿವೆಯೇ. ಗುಡ್ಡ ಹತ್ತಿ ನಿಂತರೆ ಹಿನ್ನೀರು ಭಾರತದ ನಕ್ಷೆಯಂತೆ ಕಾಣುತ್ತದೆ ಎಂದು ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ನನಗೆ ನೀರಿಗಿಂತ ಆ ಸಂದಿಯೇ ಹೆಚ್ಚು ಸೋಜಿಗ.

ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಉತ್ತರ ದಕ್ಷಿಣವಾಗಿ ಚಾಚಿಕೊಂಡ ಪುರಾತನ ಶಿಲಾಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಅದನ್ನು ಚಿತ್ರದುರ್ಗ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಇಲ್ಲಿನ ಗುಡ್ಡಗಳು ಅದರದೇ ಬೆನ್ನುಮೂಳೆ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಈ ಪಟ್ಟಿಯ ಶಿಲೆಗಳ ಒಂದು ಗುಂಪಿಗೆ ‘ವಾಣಿವಿಲಾಸ’ ಎಂದೇ ಹೆಸರಿಟ್ಟಿದ್ದಾರೆ. ನೂರಿಪ್ಪತ್ತು ವರ್ಷದ ಕೆರೆ ಅಷ್ಟು ಹಳೆಯ ಕಲ್ಲಿಗೆ ಹೆಸರು ಕೊಟ್ಟಿತು! ಪಶ್ಚಿಮದಿಂದ ಬರುವ ವೇದಾವತಿ ಈ ಬೆನ್ನುಮೂಳೆಯನ್ನು ಒಂದು ಕಡೆ ಕೊರೆದುಕೊಂಡು ಪೂರ್ವಕ್ಕೆ ದಾಟುತ್ತದೆ. ದಾಟುವ ಆ ಬಾಗಿಲು ಎಷ್ಟು ಕಿರಿದೆಂದರೆ, 400 ಮೀಟರಿಗಿಂತ ತುಸು ಉದ್ದದ, 50 ಮೀಟರ್ ಎತ್ತರದ ಒಂದು ಗೋಡೆ ಸಾಕಾಯಿತು. ಹಿಂದೆ 30 ಟಿಎಂಸಿ ನೀರು ನಿಲ್ಲುವಷ್ಟು ಜಾಗ ಸಿಕ್ಕಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.

ಕಟ್ಟೆ ಕಟ್ಟುವವನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿದೆ? ತೊಡಕು ಇದ್ದದ್ದು ನೆಲದಲ್ಲಲ್ಲ, ಮೇಲಿನ ಆಕಾಶದಲ್ಲಿ.

ಜೂನ್ ಜುಲೈಯಲ್ಲಿ ಇಲ್ಲಿ ನಿಂತು ನೋಡಬೇಕು. ಪಶ್ಚಿಮದಿಂದ ಮೋಡಗಳು ಸಾಲುಸಾಲಾಗಿ ಬರುತ್ತವೆ, ನಿಲ್ಲದೆ ಓಡುತ್ತವೆ. ಗಾಳಿಯೋ ಮೈ ತಳ್ಳುವಂಥದ್ದು; ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಆದರೆ ಮಳೆ ಎಂದರೆ ತುಂತುರು, ಅಷ್ಟೇ. ಮುಂಗಾರಿನ ನೀರನ್ನೆಲ್ಲ ಪಶ್ಚಿಮಘಟ್ಟ ಹಿಂಡಿಕೊಂಡು, ಉಳಿದ ಒಣ ಗಾಳಿಯನ್ನು ಇತ್ತ ಕಳಿಸುತ್ತದೆ. ನಮ್ಮದು ಮಳೆ ನೆರಳಿನ ನಾಡು. ಬಾಬಾಬುಡನ್‌ಗಿರಿಯ ನೆತ್ತಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟುವ ಮಳೆ, ನೂರು ಚಿಲ್ಲರೆ ಕಿಲೋಮೀಟರ್ ಪೂರ್ವಕ್ಕೆ ಹಿರಿಯೂರಿಗೆ ಬರುವಷ್ಟರಲ್ಲಿ 500ರಿಂದ 600ಕ್ಕೆ ಇಳಿದಿರುತ್ತದೆ. ಆ ಪಾಲೂ ಬಹುತೇಕ ಸಿಗುವುದು ಸೆಪ್ಟೆಂಬರ್, ಅಕ್ಟೋಬರಿನ ಗುಡುಗು ಮಳೆಯಲ್ಲಿ. ಉತ್ತರೆ, ಹಸ್ತ, ಚಿತ್ತೆ ಕೈಕೊಟ್ಟರೆ ಆ ವರ್ಷ ಮುಗಿಯಿತು.

ಹೀಗಾಗಿ ಕೆರೆಯ ದಡದಲ್ಲಿರುವವರು ಕಾಯುವುದು ತಮ್ಮ ತಲೆಯ ಮೇಲಿನ ಮೋಡವನ್ನಲ್ಲ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ಎರಡು ಹೊಳೆಗಳು, ವೇದಾ ಮತ್ತು ಅವತಿ; ವೇದಾ ಅಯ್ಯನಕೆರೆಯನ್ನೂ, ಅವತಿ ಮದಗದ ಕೆರೆಯನ್ನೂ ಹಾದು ಬಂದು, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಕೆರೆಗಳೇ ನದಿಯ ದಾರಿಯಲ್ಲಿ ಕುಳಿತಿವೆ. ಅವುಗಳಾಚೆಗೆ ಜಲಾನಯನದುದ್ದಕ್ಕೂ ಸಣ್ಣ ಕೆರೆಗಳು, ಈಚಿನ ಚೆಕ್ ಡ್ಯಾಂಗಳು. ಅವೆಲ್ಲದರ ಹೊಟ್ಟೆ ತುಂಬಿದ ಮೇಲೆ ಮಿಕ್ಕದ್ದು ಮಾರಿಕಣಿವೆಗೆ. ಮೇಲಿನವರನ್ನು ದೂರುವಂತೆಯೂ ಇಲ್ಲ. ಅವರ ಕೆರೆಗಳಲ್ಲಿ ಎಷ್ಟೋ ನಮ್ಮ ಕಟ್ಟೆಗಿಂತ ಹಳೆಯವು.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಜಲಾಶಯಕ್ಕೆ ನೀರು ಹರಿಸುವ ಪ್ರದೇಶ ಸುಮಾರು 5,370 ಚದರ ಕಿಲೋಮೀಟರ್. 30 ಟಿಎಂಸಿಯನ್ನು ಅಷ್ಟು ನೆಲದ ಮೇಲೆ ಸಮನಾಗಿ ಹರಡಿದರೆ 16 ಸೆಂಟಿಮೀಟರ್ ದಪ್ಪ ಬರುತ್ತದೆ. ಅಂದರೆ ಬರಿದಾದ ಕೆರೆ ಒಂದೇ ವರ್ಷದಲ್ಲಿ ತುಂಬಬೇಕಾದರೆ ಜಲಾನಯನದ ಪ್ರತಿ ಹೊಲ, ಪ್ರತಿ ಗುಡ್ಡ, ಪ್ರತಿ ರಸ್ತೆಯಿಂದ 16 ಸೆಂಟಿಮೀಟರ್ ನೀರು ಹರಿದು ಬರಬೇಕು. ಗಿರಿಯ ನೆತ್ತಿ ಬಿಟ್ಟರೆ ಈ ಪ್ರದೇಶದ ಬಹುಪಾಲು ಕಡೂರು, ಹೊಸದುರ್ಗದ ಬಯಲು. ಅಲ್ಲಿ ಬೀಳುವುದೇ ಅರವತ್ತೆಪ್ಪತ್ತು ಸೆಂಟಿಮೀಟರ್. ಅದರಲ್ಲಿ ಹತ್ತನೇ ಒಂದು ಪಾಲು ಹಳ್ಳ ಸೇರಿದರೆ ಪುಣ್ಯ, ಉಳಿದದ್ದು ಮಣ್ಣಿಗೆ, ಬೆಳೆಗೆ, ಬಿಸಿಲಿಗೆ. ಹೀಗಿರುವಾಗ ತುಂಬದೇ ಇದ್ದದ್ದರಲ್ಲಿ ವಿಶೇಷವೇನಿಲ್ಲ. 1933ರಲ್ಲಿ ತುಂಬಿದ್ದೇ ವಿಶೇಷ.

ಹಾಗಾದರೆ ಇಷ್ಟು ದೊಡ್ಡದನ್ನು ಏಕೆ ಕಟ್ಟಿದರು? ಉತ್ತರ 1876–78ರ ಬರದಲ್ಲಿದೆ. ಮೈಸೂರು ಸಂಸ್ಥಾನ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡ ಆ ಮಹಾಕ್ಷಾಮದ ನೆನಪು ಆಡಳಿತಗಾರರ ತಲೆಯಿಂದ ಇಳಿದಿರಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. 1894ರಲ್ಲಿ ಚಾಮರಾಜ ಒಡೆಯರ್ ತೀರಿಕೊಂಡ ಮೇಲೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡುತ್ತಿದ್ದರು. ಅವರ ಕಾಲದಲ್ಲೇ, 1898ರ ಸುಮಾರಿಗೆ ಕೆಲಸ ಶುರುವಾಗಿ, ನಾಲ್ವಡಿಯವರ ಆಳ್ವಿಕೆಯಲ್ಲಿ 1907ಕ್ಕೆ ಮುಗಿಯಿತು. ಸಿಮೆಂಟಿಲ್ಲ, ಕಲ್ಲು, ಸುಣ್ಣ, ಇಟ್ಟಿಗೆಪುಡಿಯ ಸುರ್ಕಿ ಗಾರೆ. ಕನ್ನಂಬಾಡಿಯ ಕೆಲಸ ಆರಂಭವಾದದ್ದು ಇದಾಗಿ ನಾಲ್ಕು ವರ್ಷಕ್ಕೆ. ಪ್ರತಿವರ್ಷ ತುಂಬಿ ತುಳುಕುವ ಕೆರೆ ಅವರ ಮನಸ್ಸಿನಲ್ಲಿ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಗಳಿಗೆ ಕೂಡಿಡುವ ಹಗೇವು ಅದು. ಹಗೇವು ಉಕ್ಕಲಿಲ್ಲವೆಂದು ಯಾರಾದರೂ ಅಳುತ್ತಾರೆಯೇ?

ಆದರೆ ಹಗೇವಿನ ತಳ ಕಂಡಾಗ ಅಳು ಬರುತ್ತದೆ. 2017ರ ಸುಮಾರಿಗೆ ನೀರಿನ ಮಟ್ಟ 60 ಅಡಿಯ ಡೆಡ್ ಸ್ಟೋರೇಜ್ ಗಡಿಗೆ, ಅಂದರೆ ನಾಲೆಗೆ ಹರಿಯದೆ ತಳದಲ್ಲೇ ಉಳಿಯುವ ನೀರಿನ ಮಟ್ಟಕ್ಕೆ, ಬಂದು ನಿಂತಿತು. ಪೂರ್ಣ ಮಟ್ಟ 130 ಅಡಿ. ನಾಲೆಯನ್ನೇ ನಂಬಿದ ಸುಮಾರು 30 ಸಾವಿರ ಎಕರೆ ಅಚ್ಚುಕಟ್ಟಿನಲ್ಲಿ ತೆಂಗಿನ ತೋಟಗಳು ಸುಳಿ ಒಣಗಿ ನಿಂತವು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ಕುಡಿಯುವ ನೀರೂ ಇದೇ ಕೆರೆಯದು. ಬೋರ್‌ವೆಲ್‌ಗಳು ಇನ್ನಷ್ಟು ಆಳಕ್ಕಿಳಿದವು.

ಆಗ ಬಂದದ್ದು ಭದ್ರೆ. ಭದ್ರಾ ಮೇಲ್ದಂಡೆ ಯೋಜನೆಯಡಿ ತರೀಕೆರೆ ಸೀಮೆಯಲ್ಲಿ ನೀರನ್ನು ಪಂಪ್‌ಗಳಿಂದ ಎತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರಿನ ಸುರಂಗದಲ್ಲಿ ಹಾಯಿಸಿ, ಹಳ್ಳದ ಮೂಲಕ ವೇದಾವತಿಗೆ ಬಿಡುತ್ತಾರೆ. 2019ರಿಂದ ಈ ನೀರು ಮಾರಿಕಣಿವೆಗೆ ಬರುತ್ತಿದೆ. ಪಶ್ಚಿಮಕ್ಕೆ ಬಿದ್ದ ಮಳೆಯನ್ನು ಬೆಟ್ಟ ದಾಟಿಸಿ ಇತ್ತ ತರುವ ಕೆಲಸವನ್ನು ಮೋಡ ಮಾಡಲಿಲ್ಲ, ಕರೆಂಟು ಮಾಡಿತು. 2022ರ ಸೆಪ್ಟೆಂಬರಿನಲ್ಲಿ, ಹುಬ್ಬೆ ಮಳೆಯ ಹೊತ್ತಿಗೆ ಕೋಡಿ ಬಿದ್ದಾಗ ಮಳೆಯೂ ಜೋರಾಗಿತ್ತು, ಭದ್ರೆಯೂ ಕೂಡಿತ್ತು. ಯಾವುದರ ಪಾಲೆಷ್ಟು ಎಂದು ಜನ ಜಗಳವಾಡಿದರು. 2025ರ ಜನವರಿಯಲ್ಲಿ ಆ ಜಗಳಕ್ಕೆ ಎಡೆಯಿರಲಿಲ್ಲ. ದಿನವೂ ಸುಮಾರು 700 ಕ್ಯುಸೆಕ್‌ನಂತೆ, ಅಂದರೆ ಸೆಕೆಂಡಿಗೆ 700 ಘನ ಅಡಿಯಂತೆ, ಬಂದ ಪಂಪಿನ ನೀರೇ ಕೊನೆಯ ಅಡಿಗಳನ್ನು ತುಂಬಿಸಿತ್ತು.

ಯೋಜನೆಯಲ್ಲಿ ವಾಣಿವಿಲಾಸಕ್ಕೆ ಗೊತ್ತುಮಾಡಿದ ಪಾಲು 2 ಟಿಎಂಸಿ. ಇಲ್ಲಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ತುಂಬಿದ ಕೆರೆ 88 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಬಯಲುಸೀಮೆಯ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿನಷ್ಟಾದರೂ ಆವಿಯಾಗುತ್ತದೆ. ಗುಣಿಸಿದರೆ 4 ಟಿಎಂಸಿಗೂ ಮೇಲೆ. ಭದ್ರೆ ಕೊಡುವುದರ ಎರಡರಷ್ಟನ್ನು ಸೂರ್ಯ ಒಯ್ಯುತ್ತಾನೆ. ಕೆರೆ ತುಂಬಿದಷ್ಟೂ ಅವನ ಪಾಲೂ ಹಿಗ್ಗುತ್ತದೆ.

ಈಗಿನ ತಕರಾರು ಹುಟ್ಟಿರುವುದೂ ಈ ಹರವಿನಿಂದಲೇ. 89 ವರ್ಷ ತುಂಬದ ಕೆರೆಯ ಅಂಚಿನಲ್ಲಿ ಹೊಸದುರ್ಗ ತಾಲ್ಲೂಕಿನ ರೈತರು ಬೆಳೆ ಇಟ್ಟರು, ತೋಟ ಮಾಡಿದರು, ರಸ್ತೆಗಳಾದವು. 2022ರಲ್ಲಿ ಹಿನ್ನೀರು ತನ್ನ ಹಳೆಯ ಗಡಿಯವರೆಗೂ ನಡೆದು ಬಂದು ಅವನ್ನೆಲ್ಲ ಮುಳುಗಿಸಿತು. ಕೋಡಿಗೆ ಗೇಟುಗಳಿಲ್ಲ, ಆದ್ದರಿಂದ ಮೊದಲೇ ಕೋಡಿಯಿಂದ ನೀರು ಬಿಟ್ಟು ಮಟ್ಟ ತಗ್ಗಿಸುವ ಉಪಾಯವೂ ಇರಲಿಲ್ಲ. ಕೋಡಿಯ ಎತ್ತರ ಇಳಿಸಿ ಎಂದು ಹೊಸದುರ್ಗದವರು ಕೇಳಿದರು. ಒಂದು ಇಂಚೂ ಇಳಿಸಕೂಡದು ಎಂದು ಹಿರಿಯೂರಿನವರು ಪಟ್ಟು ಹಿಡಿದರು.

ಇಬ್ಬರ ಮಾತಿನಲ್ಲೂ ಹುರುಳಿದೆ. ಈ ಕೆರೆ ಕೆಳಗೆ ಇಕ್ಕಟ್ಟಾದ ಕಣಿವೆ, ಮೇಲೆ ಅಗಲವಾದ ತಟ್ಟೆ. ತಳದ 60 ಅಡಿಯಲ್ಲಿ ಹಿಡಿಯುವುದು 2 ಟಿಎಂಸಿಗಿಂತ ಕಡಿಮೆ. 129ರಿಂದ 130ನೇ ಅಡಿಗೆ ಏರುವಷ್ಟರಲ್ಲಿ ಸೇರಿಕೊಳ್ಳುವುದು ಹೆಚ್ಚುಕಡಿಮೆ ಪೂರಾ ಒಂದು ಟಿಎಂಸಿ. ಹೊಸದುರ್ಗದ ತೋಟ ಮುಳುಗಿಸುವುದೂ ಅದೇ ಅಡಿ.